ಪೈಥಾನ್‌ನಲ್ಲಿ ಲಾಕ್ ಹಾಕಿದರೂ ಇರುವ ಸೀಟಿಗಿಂತ ಜಾಸ್ತಿ ಟಿಕೆಟ್ ಹೋಗುವುದು ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನ ಬುಕಿಂಗ್ ಅನ್ನು ಅಸಿಂಕ್‌ಐಒದಲ್ಲಿ (ಒಂದು ಕೆಲಸ ಕಾಯುವಾಗ ಇನ್ನೊಂದನ್ನು ನಡೆಸುವ ಪೈಥಾನ್ ಲೈಬ್ರರಿ) ಬರೆದಿದ್ದೀರಿ. ಟ್ರೈ ಒಳಗೆ ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಅಕ್ವೈರ್, ಅಂದರೆ ಹಿಡಿಯುವುದು. ಏನೇ ಆದರೂ ಕೊನೆಗೆ ಓಡುವ ಫೈನಲಿಯಲ್ಲಿ ರಿಲೀಸ್, ಅಂದರೆ ಬಿಡುವುದು. ಆದರೂ ರಶ್ ಇದ್ದು ಟೈಮ್‌ಔಟ್ ಆಗುವಾಗ ಸೀಟಿಗಿಂತ ಜಾಸ್ತಿ ಟಿಕೆಟ್ ಹೋಗುತ್ತಿದೆ.

ಅಕ್ವೈರ್ ಸಾಲು ಟ್ರೈಗಿಂತ ಮೇಲಿರಬೇಕು, ಒಳಗಲ್ಲ. ಇಲ್ಲಿ ಮಂಗಳೂರಿನ ನಮ್ಮ ಆಫೀಸಿನಲ್ಲಿ ಬೇರೆಯವರ ಅಸಿಂಕ್ ಕೋಡ್ ನೋಡುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಏನಾಗುತ್ತದೆ ನೋಡಿ. ಮೊದಲನೇ ಟಾಸ್ಕ್ (ಒಬ್ಬರ ಬುಕಿಂಗ್‌ನ ಕೆಲಸ) ಲಾಕ್ ಹಿಡಿದು ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಿದೆ. ಎರಡನೆಯದು ಲಾಕಿಗೆ ಕಾಯುತ್ತಿದೆ. ಅಷ್ಟರಲ್ಲಿ ಎರಡನೆಯದಕ್ಕೆ ಟೈಮ್‌ಔಟ್ ಆಗಿ ಅದು ಕ್ಯಾನ್ಸಲ್ ಆಯಿತು. ಲಾಕ್ ಅದರ ಕೈಗೆ ಬಂದೇ ಇಲ್ಲ. ಆದರೂ ಟ್ರೈ ಒಳಗೆ ಇದ್ದದ್ದರಿಂದ ಫೈನಲಿ ಓಡಿ ರಿಲೀಸ್ ಮಾಡಿಬಿಡುತ್ತದೆ. ಲಾಕ್ ಹಿಡಿದದ್ದು ಯಾರು ಎನ್ನುವ ಲೆಕ್ಕ ಅಸಿಂಕ್‌ಐಒ ಲಾಕ್‌ಗೆ ಇಲ್ಲ. ಯಾರು ರಿಲೀಸ್ ಅಂದರೂ ಬಿಡುತ್ತದೆ. ಮೂರನೇ ಟಾಸ್ಕ್ ಒಳಗೆ ಬಂದು ಅದೇ ಕೊನೇ ಸೀಟನ್ನು ಮಾರುತ್ತದೆ. ಲಾಗ್‌ನಲ್ಲಿ ಆಗಾಗ 'ಲಾಕ್ ಈಸ್ ನಾಟ್ ಅಕ್ವೈರ್ಡ್' ಎಂಬ ರನ್‌ಟೈಮ್ ಎರರ್ ಬರುತ್ತಿದ್ದರೆ ಹೆಚ್ಚಾಗಿ ಇದೇ ಕಾರಣ.

ಸುಮ್ನೆ 'ಅಸಿಂಕ್ ವಿತ್ ಲಾಕ್' ಬಳಸಿ. ಲಾಕ್ ಸಿಗದಿದ್ದರೆ ಒಳಗೇ ಹೋಗುವುದಿಲ್ಲ, ಹೊರಗೆ ಬರುವಾಗ ತಾನೇ ಬಿಡುತ್ತದೆ. ಹಳೇ ಉದಾಹರಣೆಗಳಲ್ಲಿ 'ವಿತ್ ಅವೇಟ್ ಲಾಕ್' ಕಾಣುತ್ತದೆ, ಅದು ಪೈಥಾನ್ 3.9ರಿಂದ ನಡೆಯುವುದಿಲ್ಲ. ಸೀಟು ಇದೆಯಾ ಎಂದು ನೋಡುವುದು, ಕಳೆಯುವುದು ಎರಡೂ ಲಾಕಿನೊಳಗೇ ಇರಲಿ. ಎಸ್ಸೆಮ್ಮೆಸ್ ಕಳಿಸುವುದು ಹೊರಗೆ. ಒಬ್ಬರ ಮೆಸೇಜ್ ಹೋಗುವ ತನಕ ಉಳಿದವರೆಲ್ಲ ಯಾಕೆ ಕಾಯಬೇಕು, ಅಲ್ವಾ?

ಥ್ರೆಡಿಂಗ್ ಲಾಕ್ (ಥ್ರೆಡ್‌ಗಳಿಗೆಂದು ಪೈಥಾನ್‌ನಲ್ಲಿರುವ ಬೇರೆ ಲಾಕ್) ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದನ್ನು ಹಿಡಿದ ಟಾಸ್ಕ್ ಅವೇಟ್‌ನಲ್ಲಿ, ಅಂದರೆ ಉತ್ತರಕ್ಕೆ ಕಾಯುತ್ತಾ ಇರುವಾಗ ಇನ್ನೊಂದು ಟಾಸ್ಕ್ ಅದನ್ನೇ ಹಿಡಿಯಲು ಹೋದರೆ ಟಾಸ್ಕ್‌ಗಳನ್ನೆಲ್ಲ ಓಡಿಸುವ ಈವೆಂಟ್ ಲೂಪೇ ನಿಂತುಬಿಡುತ್ತದೆ. ಬಿಡಬೇಕಾದ ಟಾಸ್ಕೂ ಅದೇ ಲೂಪಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಇನ್ನು, ಸರ್ವರ್‌ನಲ್ಲಿ ಒಂದಕ್ಕಿಂತ ಹೆಚ್ಚು ವರ್ಕರ್ (ಅದೇ ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಪ್ರೊಸೆಸ್) ಇದ್ದರೆ ಇದ್ಯಾವುದೂ ಸಾಲದು. ಪ್ರತಿ ಪ್ರೊಸೆಸ್‌ಗೂ ಅದರದೇ ಲಾಕ್. ಒಂದರದ್ದು ಇನ್ನೊಂದಕ್ಕೆ ಕಾಣಿಸುವುದಿಲ್ಲ. ಆಗ ಕೆಲಸವನ್ನು ಡೇಟಾಬೇಸ್‌ಗೇ ಬಿಡಿ: ಉಳಿದ ಸೀಟು ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಒಂದು ಕಳೆಯುವ ಒಂದೇ ಅಪ್‌ಡೇಟ್ ಬರೆಯಿರಿ, ಎಷ್ಟು ಸಾಲು ಬದಲಾಯಿತು ನೋಡಿ. ಸೊನ್ನೆ ಬಂದರೆ ಬೋಟ್ ಫುಲ್. ನಿಜ ಹೇಳಬೇಕೆಂದರೆ, ನಿಮ್ಮ ಈ ಕೆಲಸಕ್ಕೆ ಆಮೇಲೆ ಲಾಕೇ ಬೇಕಾಗುವುದಿಲ್ಲ.