ರೇಷ್ಮೆ ಹುಳು ಹಣ್ಣಾಗುವ ವಾರ ಮಾತ್ರೆ ಶುರು ಮಾಡಬೇಡಿ

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನಾವು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು, ರೇಷ್ಮೆ ಸಾಕುತ್ತೇವೆ. ನನ್ನ ಮಗನಿಗೆ ಎಂಟು ವರ್ಷ, ಮೂರನೇ ತರಗತಿ. ಒಂದು ಕಡೆ ಕೂರುವುದಿಲ್ಲ, ಒಂದು ಸಾಲು ಬರೆಯುವಷ್ಟರಲ್ಲಿ ಎದ್ದು ಹೋಗಿರುತ್ತಾನೆ. ತೋಟದ ಗೇಟು ತೆಗೆದಿಟ್ಟು ಓಡಿ, ಮೇಕೆ ನುಗ್ಗಿ ಸೊಪ್ಪೆಲ್ಲ ಹಾಳಾಯಿತು. ಕಳೆದ ತಿಂಗಳು ಟ್ರ್ಯಾಕ್ಟರ್‌ಗೆ ಅಡ್ಡ ಓಡಿದ. ಬೆಂಗಳೂರಿನ ವೈದ್ಯರು ಟೀಚರಿಂದಲೂ ಫಾರಂ ತುಂಬಿಸಿಕೊಂಡು, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದು ಹೇಳಿ ಮಿಥೈಲ್‌ಫೆನಿಡೇಟ್ ಮಾತ್ರೆ ಬರೆದುಕೊಟ್ಟರು. ಇಲ್ಲಿನ ಮೆಡಿಕಲ್ ಅಂಗಡಿಯವರು ಚೀಟಿ ನೋಡಿ, ‘ಇದು ಮತ್ತಿನ ಔಷಧ, ನಾವು ಇಡುವುದಿಲ್ಲ’ ಎಂದು ಮುಖ ತಿರುಗಿಸಿದರು. ಬೆಂಗಳೂರಿನಿಂದಲೇ ತರಿಸಿದೆವು. ಅಂಗಡಿಯವರ ಮಾತು ಕೇಳಿದ ಮೇಲೆ ನಮ್ಮ ಅತ್ತೆ ಮಾತ್ರೆ ಮುಟ್ಟಲು ಬಿಡುತ್ತಿಲ್ಲ. ‘ಟಿ.ವಿ. ಮುಂದೆ ಗಂಟೆಗಟ್ಟಲೆ ಕೂರುವವನಿಗೆ ಎಂಥ ಕಾಯಿಲೆ’ ಎಂದು ಮಾವನವರು ಕೇಳುತ್ತಾರೆ. ಯಜಮಾನರು ನಿನ್ನಿಷ್ಟ ಎನ್ನುತ್ತಾರೆ. ಹುಳು ನಾಲ್ಕನೇ ಜ್ವರಕ್ಕೆ (ಮೇವು ಬಿಟ್ಟು ಪೊರೆ ಕಳಚಲು) ಕೂತಿದೆ, ಎದ್ದರೆ ನನಗೆ ಪುರುಸೊತ್ತು ಇರುವುದಿಲ್ಲ. ಅದಕ್ಕೆ ಮೊದಲೇ ಶುರು ಮಾಡಿಬಿಡಲೇ?

ಉತ್ತರ: ಬೇಡ. ಈ ಬೆಳೆ ಮುಗಿಯಲಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಅತ್ತೆಯವರ ಭಯ. ಅವರು ಒಪ್ಪದೆ ಆ ಮಾತ್ರೆ ಕಪಾಟಿನಿಂದ ಇಳಿಯುವುದಿಲ್ಲ ಎಂಬುದು ನಿಮ್ಮ ಪತ್ರದಲ್ಲೇ ಕಾಣುತ್ತಿದೆ.

ಮಿಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ ಎಂಬ ಪಟ್ಟಿಯಲ್ಲಿದೆ. ಅದನ್ನು ಮಾರಲು ಅಂಗಡಿಗೆ ಬೇರೆಯೇ ಲೈಸೆನ್ಸ್ ಬೇಕು. ವೈದ್ಯರ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ತಿಂಗಳಿಗೊಬ್ಬ ಗಿರಾಕಿಗಾಗಿ ಇಷ್ಟು ತಾಪತ್ರಯ ಯಾವ ಸಣ್ಣ ಅಂಗಡಿಗೆ ಬೇಕು? ದೊಡ್ಡವರು ದುರುಪಯೋಗ ಮಾಡಿಕೊಳ್ಳುವ ಸಾಧ್ಯತೆ ಇರುವುದರಿಂದ ಕಾನೂನು ಬಿಗಿಯಾಗಿದೆ, ಅದು ಸರಿಯೇ. ಆದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ನುಂಗುವ ಮಗುವಿಗೆ ಅದು ಸಾಮಾನ್ಯವಾಗಿ ಚಟವಾಗಿ ಅಂಟುವುದಿಲ್ಲ. ‘ಮತ್ತಿನ ಮಾತ್ರೆ’ ಎಂಬ ಮಾತಂತೂ ತಲೆಕೆಳಗು. ಇದು ನಿದ್ದೆ ಬರಿಸುವ ಔಷಧವಲ್ಲ, ನಿದ್ದೆ ಕೆಡಿಸುವ ಔಷಧ. ಹೊಸ ಪ್ರಯೋಗವೂ ಅಲ್ಲ. 1944ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರಲ್ಲಿ ತಯಾರಾಗಿ, 1954ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ಕಂಡುಹಿಡಿದ ಪನಿಝೋನ್ ಎಂಬಾತ ಹೆಂಡತಿ ರೀಟಾಳ ಹೆಸರನ್ನೇ ಸೇರಿಸಿ ‘ರಿಟಲಿನ್’ ಎಂದು ಕರೆದ. ಇದನ್ನು ಅತ್ತೆಯವರಿಗೆ ಹೇಳಿ. ಹೆಂಡತಿಯ ಹೆಸರಿಟ್ಟ ಔಷಧ ಎಂದರೆ ಸ್ವಲ್ಪ ನಂಬಿಕೆ ಬಂದೀತು.

ಮಾವನವರ ಪ್ರಶ್ನೆ ಇನ್ನೂ ಒಳ್ಳೆಯದು. ಎಡಿಎಚ್‌ಡಿ ಇರುವ ಮಗುವಿಗೆ ಗಮನವೇ ಇರುವುದಿಲ್ಲ ಎಂದಲ್ಲ, ಅದು ಬೇಕಾದ ಕಡೆ ನಿಲ್ಲುವುದಿಲ್ಲ. ಟಿ.ವಿ. ಕ್ಷಣಕ್ಕೊಂದು ಚಿತ್ರ ಬದಲಿಸಿ ತಾನೇ ಅವನನ್ನು ಹಿಡಿದಿಡುತ್ತದೆ. ಮಗ್ಗಿ ಹಾಗಲ್ಲ, ಅಲ್ಲಿ ಅವನೇ ತನ್ನನ್ನು ಹಿಡಿದುಕೊಳ್ಳಬೇಕು. ಆ ಹಿಡಿತಕ್ಕೆ ಮಿದುಳಿನ ಮುಂಭಾಗದಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. ಮಾತ್ರೆ ಅಲ್ಲಿ ಅವು ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ, ಅಷ್ಟೇ.

ಈಗ ನಿಮ್ಮ ಹುಳುವಿನ ವಿಷಯ. ನಾಲ್ಕನೇ ಜ್ವರದಿಂದ ಎದ್ದ ಹುಳು ಹೇಗೆ ಮೇಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಡುರಾತ್ರಿ ಸೊಪ್ಪು ಹಾಕಬೇಕು, ಗೂಡು ಕಟ್ಟಲು ಹಣ್ಣಾದ ಹುಳು ಆರಿಸಿ ಚಂದ್ರಿಕೆಯ ತಟ್ಟೆಗೆ ಬಿಡಬೇಕು, ಮನೆಮಂದಿಗೆಲ್ಲ ನಿದ್ದೆಯಿಲ್ಲ, ಊಟಕ್ಕೆ ಹೊತ್ತಿಲ್ಲ. ಮಾತ್ರೆಯ ಮುಖ್ಯ ತೊಂದರೆಗಳೂ ನಿದ್ದೆ ಮತ್ತು ಹಸಿವಿಗೆ ಸಂಬಂಧಿಸಿದವೇ. ಮಗು ಊಟ ಬಿಟ್ಟರೆ ಮಾತ್ರೆಯಿಂದಲೋ ಮನೆಯ ಗದ್ದಲದಿಂದಲೋ ಎಂದು ಹೇಗೆ ತಿಳಿಯುವುದು? ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ, ಮುಂದಿನ ಚಾಕಿ ಹುಳು (ಮರಿಹುಳು) ತರುವುದಕ್ಕೆ ಮೊದಲು ಒಂದಷ್ಟು ದಿನ ಬಿಡುವು ಸಿಗುತ್ತದಲ್ಲ, ಆಗ ಶುರು ಮಾಡಿ. ಅಲ್ಲಿಯವರೆಗೆ ಈಗ ಅವನು ಹೇಗಿದ್ದಾನೋ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ತಿಂದ, ಎಷ್ಟು ಸಾಲು ಬರೆದ. ಟೀಚರಿಗೂ ದಿನಕ್ಕೊಂದು ಸಾಲು ಬರೆದುಕೊಡಲು ಕೇಳಿಕೊಳ್ಳಿ.

ಮೊದಲ ಮಾತ್ರೆ ಭಾನುವಾರ ಕೊಡಿ. ಸಾಧಾರಣ ಮಾತ್ರೆ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಮೂರ್ನಾಲ್ಕು ಗಂಟೆಯಲ್ಲಿ ಮುಗಿಸುತ್ತದೆ. ಶಾಲೆಯ ದಿನ ಕೊಟ್ಟರೆ ಅದರ ಗುಣವೆಲ್ಲ ಟೀಚರ ಪಾಲು, ಅದು ಇಳಿದ ಮೇಲಿನ ಸಂಜೆಯ ರಂಪ ಮಾತ್ರ ನಿಮ್ಮ ಪಾಲು. ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ ತಿನ್ನಿಸಿ. ಮಧ್ಯಾಹ್ನ ಅವನು ತಟ್ಟೆ ದೂಡಿದರೆ ಜಗಳ ಬೇಡ. ಸಂಜೆ ಹಸಿವು ಮರಳುತ್ತದೆ, ಆಗ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಕಡಲೆಕಾಯಿ ಧಾರಾಳವಾಗಿ ಬಡಿಸಿ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಮೊದಮೊದಲು ತಲೆನೋವು, ಹೊಟ್ಟೆನೋವು ಬರುವುದುಂಟು, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ನಿಮ್ಮಿಬ್ಬರ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ಸತ್ತವರಿದ್ದರೆ, ಮಗ ಓಡುವಾಗ ಎದೆನೋವು ಎಂದಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ, ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ. ಇದನ್ನು ಅವರು ಕೇಳಿರದಿದ್ದರೂ ನೀವೇ ಹೇಳಬೇಕು.

ಒಂದು ವಿಷಯದಲ್ಲಿ ನಾನು ಹಟಮಾರಿ. ಮಗು ಗೊಂಬೆಯಂತೆ ಸುಮ್ಮನೆ ಕೂತರೆ ಮನೆಯವರು ಸಂತೋಷಪಡುತ್ತಾರೆ, ಶಾಲೆಯವರು ಇನ್ನೂ ಸಂತೋಷಪಡುತ್ತಾರೆ. ನಾನು ಪಡುವುದಿಲ್ಲ. ನಗು ಮಾತು ಬಿಟ್ಟು ಮಂಕಾದ ಮಗುವಿಗೆ ಪ್ರಮಾಣ ಹೆಚ್ಚಾಗಿರಬಹುದು, ಅಥವಾ ಆ ಔಷಧ ಒಗ್ಗುತ್ತಿಲ್ಲ. ಕೂಡಲೇ ವೈದ್ಯರಿಗೆ ಹೇಳಿ. ಕಣ್ಣು ಮಿಟುಕಿಸುವ, ಭುಜ ಕುಣಿಸುವ ಚಾಳಿ ಹೊಸದಾಗಿ ಕಂಡರೂ ಹೇಳಿ. ಚಿಕ್ಕ ಪ್ರಮಾಣದಿಂದ ಮೆಲ್ಲಗೆ ಏರಿಸುವುದು ಪದ್ಧತಿ. ಇದು ಹಿಡಿಸದವರಿಗೆ ಆಟೊಮಾಕ್ಸೆಟಿನ್ ಎಂಬ ಬೇರೆ ಬಗೆಯ ಔಷಧವಿದೆ, ಅದರ ಫಲ ಕಾಣಲು ಕೆಲವು ವಾರ ಕಾಯಬೇಕು. ನೀವಾಗಿ ಏರಿಸುವುದು, ಇಳಿಸುವುದು ಬೇಡ.

ಮಾತ್ರೆ ಮಗ್ಗಿ ಕಲಿಸುವುದಿಲ್ಲ. ಒಂದು, ಎರಡನೇ ತರಗತಿಯಲ್ಲಿ ಕಿವಿಗೆ ಬೀಳದೆ ಹೋದ ಪಾಠವನ್ನು ಯಾರಾದರೂ ಕೂತು ಮತ್ತೆ ಹೇಳಿಕೊಡಬೇಕು. ‘ಸೊಪ್ಪು ತಂದು, ಕೈ ತೊಳೆದು, ಪುಸ್ತಕ ತೆಗೆದು ಕೂತ್ಕೋ’ ಎಂದು ಒಂದೇ ಉಸಿರಿಗೆ ಹೇಳಬೇಡಿ. ಒಂದು ಕೆಲಸ ಹೇಳಿ, ಮುಗಿಸಿದಾಗ ಭೇಷ್ ಎನ್ನಿ, ಆಮೇಲೆ ಇನ್ನೊಂದು. ಬೆಂಗಳೂರಿಗೆ ಮತ್ತೆ ಹೋದಾಗ ತಂದೆತಾಯಿಗೆ ಕೊಡುವ ತರಬೇತಿಯ ಬಗ್ಗೆ ಕೇಳಿ. ಯಜಮಾನರನ್ನೂ ಕರೆದುಕೊಂಡು ಹೋಗಿ. ‘ನಿನ್ನಿಷ್ಟ’ ಎಂದವರು ನಾಳೆ ‘ನಿನ್ನಿಂದಲೇ ಆಯಿತು’ ಎನ್ನುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ.

ಪ್ರಶ್ನೆ: ನಾನು ಬಂಗಾರಪೇಟೆ ತಾಲ್ಲೂಕಿನ ಶಾಲಾ ಶಿಕ್ಷಕಿ. ಎಡಿಎಚ್‌ಡಿ ಮಾತ್ರೆ ತೆಗೆದುಕೊಳ್ಳುವ ಒಬ್ಬ ವಿದ್ಯಾರ್ಥಿಗೆ ಮಧ್ಯಾಹ್ನದ ಮಾತ್ರೆಯನ್ನು ಶಾಲೆಯಲ್ಲೇ ಕೊಡಿ ಎಂದು ಪೋಷಕರು ಕೇಳುತ್ತಿದ್ದಾರೆ. ಕೊಡಬಹುದೇ? ಉಳಿದ ಮಕ್ಕಳಿಗೆ ಏನು ಹೇಳಲಿ?

ಉತ್ತರ: ವೈದ್ಯರ ಚೀಟಿಯ ನಕಲು, ಪೋಷಕರ ಒಪ್ಪಿಗೆ ಪತ್ರ, ಮುಖ್ಯಶಿಕ್ಷಕರ ಅನುಮತಿ ಇದ್ದರೆ ಕೊಡಬಹುದು. ಮಾತ್ರೆ ಬೀಗ ಹಾಕಿದ ಕಪಾಟಿನಲ್ಲಿರಲಿ, ಮಗುವಿನ ಚೀಲದಲ್ಲಿ ಬೇಡ. ಬಿಸಿಯೂಟವಾದ ಮೇಲೆ ಪಕ್ಕಕ್ಕೆ ಕರೆದು ಕೊಡಿ. ಉಳಿದ ಮಕ್ಕಳಿಗೆ ಏನೂ ಹೇಳಬೇಕಾಗಿಲ್ಲ. ಅವನು ಗಲಾಟೆ ಮಾಡಿದ ದಿನ ‘ಇವತ್ತು ಮಾತ್ರೆ ನುಂಗಿಲ್ಲವೇನೋ’ ಎಂದು ತರಗತಿಯ ಎದುರು ಕೇಳಬೇಡಿ. ಆ ಮಾತು ಕೇಳಿಸಿಕೊಂಡ ಮಗು ಮರುದಿನದಿಂದ ಮಾತ್ರೆ ಉಗುಳಲು ಶುರು ಮಾಡುತ್ತದೆ. ಬೆಳಿಗ್ಗೆ ಒಮ್ಮೆ ನುಂಗಿದರೆ ಶಾಲೆಯ ಹೊತ್ತಿಗೆಲ್ಲ ಸಾಕಾಗುವ ದೀರ್ಘಾವಧಿಯ ಮಾತ್ರೆಯೂ ಇದೆ. ಅದು ಈ ಮಗುವಿಗೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಲು ಪೋಷಕರಿಗೆ ಹೇಳಿ. ಅದನ್ನು ಮಾತ್ರ ಪುಡಿ ಮಾಡಿಯೋ ಅಗಿಸಿಯೋ ಕೊಡಬಾರದು.