ಎಲ್ಲರೂ ಇರುವ ಮನೆಯಲ್ಲಿ ಸಾಮಾನು ಕಡಿಮೆ ಮಾಡೋದು

ನಿಮ್ಮ ಪ್ರಶ್ನೆ ಓದಿದೆ. ಎರಡು ಬೆಡ್‌ರೂಮಿನ ಮನೆ, ಆರು ಜನ, ಅಟ್ಟದ ತುಂಬ ಪಾತ್ರೆ. ಅತ್ತೆಯವರು ಒಂದು ಹಾರ್ಲಿಕ್ಸ್ ಬಾಟಲಿಯನ್ನೂ ಬಿಸಾಡಲು ಬಿಡುವುದಿಲ್ಲ, ಜೊತೆಗೆ ಯಜಮಾನರ ವೈರಿನ ಡಬ್ಬ ಬೇರೆ. "ಅವರು ಊರಿಗೆ ಹೋದಾಗ ಎಲ್ಲ ಗುಜರಿಗೆ ಹಾಕಿಬಿಡಲಾ?" ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಅಟ್ಟವೇನೋ ಖಾಲಿಯಾಗುತ್ತದೆ, ಆದರೆ ಆಮೇಲೆ ಅವರು ಪ್ರತಿಯೊಂದನ್ನೂ ಬಚ್ಚಿಡಲು ಶುರು ಮಾಡುತ್ತಾರೆ. ನಿಮ್ಮ ಮೇಲಿನ ನಂಬಿಕೆ ಒಮ್ಮೆ ಹೋದರೆ ಮುಂದೆ ಒಂದು ಡಬ್ಬಿಯೂ ಮನೆಯಿಂದ ಆಚೆ ಹೋಗುವುದಿಲ್ಲ.

ನಾನೂ ಅತ್ತೆ-ಮಾವನ ಜೊತೆಯಲ್ಲೇ ಇರೋದು. ಯಾರ ಸಾಮಾನೋ ಅವರೇ ತೀರ್ಮಾನ ಮಾಡಬೇಕು ಅನ್ನುವುದನ್ನು ನಾನು ಬಿಟ್ಟುಕೊಡುವುದಿಲ್ಲ. ಹಾಗಾಗಿ ಮೊದಲು ನಿಮ್ಮ ಬೀರುವಿನಿಂದಲೇ ಶುರು ಮಾಡಿ. ಯಾರಿಗೂ ಉಪದೇಶ ಮಾಡಬೇಡಿ. ನಿಮಗೆ ಬೇಕಾದ ಸೀರೆ ಬೆಳಿಗ್ಗೆ ತಕ್ಷಣ ಕೈಗೆ ಸಿಗುವುದನ್ನು ಮನೆಯವರು ನೋಡ್ತಾರೆ, ಅಷ್ಟು ಸಾಕು.

ಎರಡನೆಯದು, ಒಳಗೆ ಬರುವುದನ್ನು ತಡೆಯಿರಿ. ನಮ್ಮ ಮನೆಗಳು ನಾವು ಕೊಂಡದ್ದರಿಂದ ತುಂಬುವುದಕ್ಕಿಂತ ಬೇರೆಯವರು ಕೊಟ್ಟದ್ದರಿಂದ ತುಂಬುವುದೇ ಜಾಸ್ತಿ, ಅಲ್ವಾ? ಗೃಹಪ್ರವೇಶ, ಸೀಮಂತ, ವರಮಹಾಲಕ್ಷ್ಮಿ ಅಂತ ಎಲ್ಲಿಗೆ ಹೋದರೂ ಒಂದು ಬ್ಲೌಸ್ ಪೀಸು, ಒಂದು ಪುಟ್ಟ ಸ್ಟೀಲ್ ಬಟ್ಟಲು, ಇಲ್ಲವೇ ಪ್ಲಾಸ್ಟಿಕ್ ಡಬ್ಬಿ. ಆ ಪಾಲಿಯೆಸ್ಟರ್ ಬ್ಲೌಸ್ ಪೀಸನ್ನು ಯಾರೂ ಹೊಲಿಸುವುದಿಲ್ಲ, ಅದು ಸುಮ್ನೆ ಮನೆಯಿಂದ ಮನೆಗೆ ಸುತ್ತುತ್ತಿರುತ್ತದೆ. ಅತ್ತೆಯವರ ಹತ್ತಿರ ಹೋಗಿ "ಈ ಸಲ ನಮ್ಮನೆ ಅರಿಶಿನ ಕುಂಕುಮಕ್ಕೆ ಎಲೆ ಅಡಿಕೆ, ಕಾಯಿ, ಬಾಳೆಹಣ್ಣಿನ ಜೊತೆ ಒಂದು ಅಚ್ಚು ಒಳ್ಳೆ ಬೆಲ್ಲ ಕೊಡೋಣ್ವಾ ಅಮ್ಮ?" ಅಂತ ಕೇಳಿ. ಬೇಡ ಅನ್ನುವುದು ಕಷ್ಟ. ಶಾಸ್ತ್ರಕ್ಕೆ ಏನೂ ಕಮ್ಮಿಯಾಗುವುದಿಲ್ಲ, ತಗೊಂಡವರ ಮನೆಯಲ್ಲೂ ಖರ್ಚಾಗುತ್ತದೆ.

ಈಗ ಅಟ್ಟದ ಪಾತ್ರೆ. ಇದನ್ನು ನಿಧಾನಕ್ಕೆ ಮಾಡಿ, ಅವರನ್ನು ಜೊತೆಗೆ ಕೂರಿಸಿಕೊಂಡೇ ಮಾಡಿ. ಒಂದು ಮಧ್ಯಾಹ್ನಕ್ಕೆ ಒಂದು ಗೋಣಿಚೀಲ ಇಳಿಸಿದರೆ ಸಾಕು. ಪಾತ್ರೆಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು, ಊರು, ತಾರೀಖು ಕೆತ್ತಿರುತ್ತದೆ ನೋಡಿ, ಅದನ್ನು ಓದಲು ಹೇಳಿ. "ಇದು ನಮ್ಮ ಸೋದರಮಾವ ಮದುವೆಗೆ ಕೊಟ್ಟಿದ್ದು" ಅಂತ ಅವರ ಕಥೆ ಶುರುವಾಗುತ್ತದೆ. ಪೂರ್ತಿ ಕೇಳಿ, ಅವಸರ ಮಾಡಬೇಡಿ. ಕಥೆ ಇರುವ ಪಾತ್ರೆ ಒಂದು ಕಡೆ, ಯಾರು ಕೊಟ್ಟರು ಅಂತ ಅವರಿಗೇ ನೆನಪಿಲ್ಲದ ಪಾತ್ರೆ ಇನ್ನೊಂದು ಕಡೆ. ಈ ಎರಡನೇ ಗುಂಪನ್ನು ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಕೊಟ್ಟು, ನಿಜವಾಗಿ ಬೇಕಾದ ಒಂದು ಒಳ್ಳೆ ಪಾತ್ರೆ ತರಬಹುದು. ಆಯ್ಕೆ ಅತ್ತೆಯವರದ್ದೇ ಇರಲಿ.

ಮೊದಲ ಗುಂಪಿನಲ್ಲಿ ಹಿತ್ತಾಳೆ ಪಾತ್ರೆ ಇದ್ದರೆ ಅಟ್ಟಕ್ಕೆ ವಾಪಸ್ ಹಾಕಬೇಡಿ, ಕಲಾಯಿ ಹಾಕಿಸಿ ಅಡುಗೆಗೇ ಇಳಿಸಿ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ಒಳಗೆಲ್ಲ ಸವರುತ್ತಾರೆ. ಆ ಬೆಳ್ಳಗಿನ ಪದರ ಇಲ್ಲದೆ ಹಿತ್ತಾಳೆಯಲ್ಲಿ ಹುಣಸೆಹುಳಿ ಹಾಕಿದ ಸಾರು, ಗೊಜ್ಜು ಮಾಡಬಾರದು. ತವರ ಸುಮಾರು 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಆದ್ದರಿಂದ ಖಾಲಿ ಪಾತ್ರೆಯನ್ನು ಉರಿಯ ಮೇಲೆ ಬಿಡಬೇಡಿ. ಸ್ಟೀಲ್ ನಾರಿನಲ್ಲಿ ಉಜ್ಜಲೂಬೇಡಿ. ಹೀಗೆ ಒಂದು ಹಿತ್ತಾಳೆ ಪಾತ್ರೆ ದಿನಬಳಕೆಗೆ ಬಂದರೆ, ಕೋಟಿಂಗ್ ಎದ್ದುಹೋದ ನಾನ್‌ಸ್ಟಿಕ್ ಬಾಣಲೆಯನ್ನು ಕಳಿಸಲು ಯಾರೂ ಬೇಡ ಅನ್ನುವುದಿಲ್ಲ.

ಹಾರ್ಲಿಕ್ಸ್ ಬಾಟಲಿಗೆ ಲೆಕ್ಕ ಬೇಡ, ಜಾಗ ಗೊತ್ತು ಮಾಡಿ. "ಈ ಒಂದು ಶೆಲ್ಫು ನಿಮ್ಮದು, ಇಲ್ಲಿ ಹಿಡಿಸುವಷ್ಟು ಇಟ್ಟುಕೊಳ್ಳಿ" ಅಂದರೆ ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಅವರೇ ಆರಿಸುತ್ತಾರೆ. ಉಪ್ಪಿನಕಾಯಿ ಹಾಕುವ ಕಾಲಕ್ಕೆ ಆ ಗಾಜಿನ ಬಾಟಲಿಗಳು ನಿಮಗೂ ಬೇಕಾಗುತ್ತವೆ.

ಇನ್ನು ವರ್ಷಕ್ಕೊಮ್ಮೆ ಮಾತ್ರ ಬಳಸುವ ಕೆಲವು ಸಾಮಾನು. ದಸರಾ ಗೊಂಬೆಯ ಪೆಟ್ಟಿಗೆ, ಹಬ್ಬದ ದೊಡ್ಡ ಕೊಳಗ ಇಂಥವು. "ಒಂದು ವರ್ಷ ಮುಟ್ಟದಿದ್ದರೆ ಬಿಸಾಕಿ" ಅನ್ನುವ ಸಲಹೆ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಪಟ್ಟದ ಗೊಂಬೆಗಳು ಹೊರಗೆ ಬರುವುದೇ ನವರಾತ್ರಿಯಲ್ಲಿ. ಇವನ್ನು ಇಟ್ಟುಕೊಳ್ಳಿ, ಪೆಟ್ಟಿಗೆ ಮೇಲೆ ಚೀಟಿ ಅಂಟಿಸಿ.

ಮಕ್ಕಳ ಚಿಕ್ಕದಾದ ಬಟ್ಟೆ ಹರಿಯುವ ಮುಂಚೆಯೇ ಯಾರಿಗಾದರೂ ಕೊಡಿ. ಮನೆಪತ್ರ, ಮಾರ್ಕ್ಸ್ ಕಾರ್ಡಿನ ಫೈಲು ಮಾತ್ರ ಮುಟ್ಟಬೇಡಿ.

ಕೊನೆಗೆ ಯಜಮಾನರ ಡಬ್ಬ. ಒಂದು ಭಾನುವಾರ ಅವರ ಮುಂದೆಯೇ ಸುರಿದು, ಯಾವ ವೈರು ಯಾವುದಕ್ಕೆ ಅಂತ ಅವರೇ ಹೇಳಲಿ. ಯಾವುದಕ್ಕೂ ಸೇರದ ಚಾರ್ಜರು, ಕೆಟ್ಟ ಫೋನು ಒಣ ಕಸಕ್ಕೆ ಹಾಕಬೇಡಿ. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಇಂಥ ಕೆಟ್ಟ ಎಲೆಕ್ಟ್ರಾನಿಕ್ ಸಾಮಾನನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪುವ ಸಂಗ್ರಹ ಕೇಂದ್ರಕ್ಕೇ ಕೊಡಿ. ಉಬ್ಬಿದ ಬ್ಯಾಟರಿ ಸಿಕ್ಕರೆ ಒತ್ತಬೇಡಿ, ಚುಚ್ಚಬೇಡಿ, ಬೇರೆಯಾಗಿ ಇಡಿ, ಬೆಂಕಿ ಹತ್ತಬಹುದು. ಅವಧಿ ಮುಗಿದ ಮಾತ್ರೆಗಳೂ ಅಷ್ಟೇ, ಬೇರೆಯಾಗಿ ಕಟ್ಟಿ, ಏನಿದೆ ಅಂತ ಹೇಳಿ ಕಸದ ಗಾಡಿಯವರ ಕೈಗೆ ಕೊಡಿ.

ಪಾತ್ರೆ ಇಳಿಸಿದ ಮೇಲೆ ಹಿತ್ತಾಳೆಯ ಫೋಟೋ ಇಲ್ಲಿ ಹಾಕಿ. ಯಾವುದಕ್ಕೆ ಕಲಾಯಿ ಬೇಕು ಅಂತ ನೋಡಿ ಹೇಳುತ್ತೇನೆ.