ಹೋಲಿಸದೆ ಸಮಾನ ಎನ್ನುವುದು ಹೇಗೆ?

ನಿದ್ದೆ ಬರುವುದಿಲ್ಲ ಎಂದು ಬಂದವರು ಎರಡನೆಯ, ಮೂರನೆಯ ಭೇಟಿಯಲ್ಲಿ ಮೆಲ್ಲಗೆ ಸಂಬಳದ ಮಾತು ತೆಗೆಯುವುದು ಕಾರವಾರದ ನನ್ನ ಆಪ್ತಸಲಹೆಯ ಕೋಣೆಯಲ್ಲಿ ಈಗ ಮಾಮೂಲಾಗಿದೆ. ನೀರು ಬಿಡುವವರು, ಕಸದ ಗಾಡಿಯವರು, ಪಂಚಾಯಿತಿಯ ಕರವಸೂಲಿಗಾರರು. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಕಥೆ, ಆದ್ದರಿಂದ ಸಲಹೆಯೂ ಒಂದೇ ಎಂದುಕೊಂಡಿದ್ದೆ. ಆ ನಂಬಿಕೆಯನ್ನು ಕೆಡಿಸಿದವರೊಬ್ಬರ ವಿಷಯ ಇದು. ಹೆಸರು, ಗುರುತು ಬದಲಿಸಿದ್ದೇನೆ, ಶಾಲಿನಿ ಎನ್ನೋಣ.

ಕರಾವಳಿಯ ಒಂದು ಪಟ್ಟಣದ ಸ್ಥಳೀಯ ಸಂಸ್ಥೆಯಲ್ಲಿ, ತೆರಿಗೆ ವಿಭಾಗದ ಡೇಟಾ ಎಂಟ್ರಿ ಆಪರೇಟರ್. ಒಂಬತ್ತು ವರ್ಷಗಳಿಂದ ಹೊರಗುತ್ತಿಗೆ. ಏಜೆನ್ಸಿ ಬದಲಾಗುತ್ತದೆ, ಕುರ್ಚಿ ಬದಲಾಗುವುದಿಲ್ಲ. ಪಕ್ಕದ ಮೇಜಿನಲ್ಲಿ ಅನುಕಂಪದ ಆಧಾರದ ಮೇಲೆ ನೇಮಕವಾದ ದ್ವಿತೀಯ ದರ್ಜೆ ಸಹಾಯಕ. ಅವನಿಗೆ ಕೆಲಸ ಕಲಿಸಿದವರೇ ಇವರು. ಅವನ ಸಂಬಳದ ಅರ್ಧವೂ ಇವರಿಗಿಲ್ಲ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇರುವುದರಿಂದ ಆ ತಿಂಗಳು ಸಾಲು ಕರಗುವುದೇ ಇಲ್ಲ. ಅಂಥ ಒಂದು ಮಧ್ಯಾಹ್ನ ಶಾಲಿನಿ ಜನರೆದುರೇ ಆ ಹುಡುಗನ ಮೇಲೆ ಕೂಗಾಡಿದ್ದರು. ಗಂಡ ಕರೆದುಕೊಂಡು ಬಂದರು.

ಮೊದಲೆರಡು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಮೂರನೆಯದರಲ್ಲಿ ನಾನು ರೂಢಿಯಂತೆ, "ಇನ್ನೊಬ್ಬರೊಂದಿಗೆ ಹೋಲಿಸಿಕೊಳ್ಳುವುದನ್ನು ಬಿಟ್ಟು ನೋಡಿ. ಅರ್ಧ ಭಾರ ಇಳಿಯುತ್ತದೆ" ಎಂದೆ.

ಶಾಲಿನಿ ಕೆಲಹೊತ್ತು ನನ್ನ ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತಿದ್ದರು. ಆಮೇಲೆ, "ಮೇಡಂ, ಹೋದ ವಾರ ವಕೀಲರ ಹತ್ತಿರ ಹೋಗಿದ್ದೆ. ಅವನದ್ದೂ ನಿನ್ನದೂ ಒಂದೇ ಕೆಲಸವೆಂದು ಹೋಲಿಸಿ ಬರೆದು ತಾ ಎಂದರು. ನೀವು ಹೋಲಿಸಬೇಡಿ ಎನ್ನುತ್ತೀರಿ. ಹೋಲಿಸದೆ ಸಮಾನ ಎಂದು ತೋರಿಸುವುದು ಹೇಗೆ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅವರು ನಿಲ್ಲಿಸಲೂ ಇಲ್ಲ. "ಇನ್ನೊಂದು ಗೊತ್ತೇ? ಕಂಪ್ಯೂಟರಿನಲ್ಲಿ ನಾನು ನಮೂದಿಸುವುದೆಲ್ಲ ಅವನ ಲಾಗಿನ್‌ನಲ್ಲಿ. ಒಂಬತ್ತು ವರ್ಷದ ನನ್ನ ಕೆಲಸದಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಒಮ್ಮೊಮ್ಮೆ, ನಾನು ನಿಜಕ್ಕೂ ಅಲ್ಲಿ ಕೆಲಸ ಮಾಡುತ್ತಿದ್ದೇನೆಯೇ ಎಂದು ನನಗೇ ಅನುಮಾನ ಬರುತ್ತದೆ."

ನಾನು ಹೊಟ್ಟೆಕಿಚ್ಚೆಂದು ತಿಳಿದದ್ದು ಹೊಟ್ಟೆಕಿಚ್ಚಾಗಿರಲಿಲ್ಲ.

ವಕೀಲರು ಹೇಳಿದ್ದು ಸರಿ. ಕಾಯಂ ನೌಕರರದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಹಂತವಾದರೂ ಸಿಗಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ, ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕಡಿಮೆ ಕೂಲಿಗೆ ದುಡಿಯುವವನು ಒಪ್ಪಿ ದುಡಿಯುವುದಿಲ್ಲ, ಮನೆಮಂದಿಯ ಅನ್ನಕ್ಕಾಗಿ ತನ್ನ ಘನತೆಯನ್ನು ಒತ್ತೆಯಿಟ್ಟು ದುಡಿಯುತ್ತಾನೆ ಎಂಬ ಅರ್ಥದ ಮಾತೂ ಅದರಲ್ಲಿದೆ. ನಮ್ಮ ವೃತ್ತಿಯವರು ಓದಬೇಕಾದ ಸಾಲು ಅದು. ಆದರೆ ಕೆಲಸ ಒಂದೇ ಎಂದು ರುಜುವಾತುಪಡಿಸುವ ಹೊರೆ ಕೇಳುವವರ ತಲೆಯ ಮೇಲೆಯೇ. ಹೊರಗುತ್ತಿಗೆಯವರಿಗೆ ನಡುವೆ ಮತ್ತೊಂದು ಗೋಡೆ: ಇವರು ನಮ್ಮ ನೌಕರರಲ್ಲ ಎಂದು ಕಚೇರಿ, ಕನಿಷ್ಠ ವೇತನ ಕೊಟ್ಟಿದ್ದೇವಲ್ಲ ಎಂದು ಏಜೆನ್ಸಿ. ಹಂಗಾಮಿ ನೌಕರರು ಕಾಯಮಾತಿಯನ್ನು ಹಕ್ಕಾಗಿ ಕೇಳಲಾಗದು ಎಂದ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪನ್ನು ತೋರಿಸಿ ಬಾಯಿ ಮುಚ್ಚಿಸುವವರೂ ಇದ್ದಾರೆ. ನಮ್ಮ ರಾಜ್ಯದ್ದೇ ಪ್ರಕರಣವದು, ಆದರೆ ಮುಖ್ಯವಾಗಿ ಕಾಯಮಾತಿಗೆ ಸಂಬಂಧಿಸಿದ್ದು. ಕೆಲಸ ಕಾಯಂ ಮಾಡಿ ಎನ್ನುವುದು ಬೇರೆ, ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೊಡಿ ಎನ್ನುವುದು ಬೇರೆ.

ಇಷ್ಟನ್ನು ಓದಿಕೊಂಡು ಮುಂದಿನ ವಾರ ನನ್ನ ಸಲಹೆಯನ್ನು ಹಿಂದಕ್ಕೆ ಪಡೆದೆ. "ಹೋಲಿಸಿ, ಆದರೆ ಕೆಲಸವನ್ನು ಮಾತ್ರ" ಎಂದೆ. ದಿನವೂ ಸಂಜೆ ಕಾಲು ಗಂಟೆ ಒಂದು ನೋಟ್‌ಬುಕ್ಕಿನಲ್ಲಿ, ಎಷ್ಟು ನಮೂದು, ಯಾರ ಲಾಗಿನ್, ಯಾರು ಹೇಳಿದ್ದು ಎಂದು ಬರೆಯುವುದು. ಅವನ ಹೊಸ ಬೈಕು, ಅವನ ರಜೆ ಅದರಲ್ಲಿ ಬರಕೂಡದು. ಬರೆದು ಮುಚ್ಚಿದ ಮೇಲೆ ಮಾರನೆಯ ಸಂಜೆಯವರೆಗೆ ತೆರೆಯಕೂಡದು. ವಿಭಾಗದ ಕಾರ್ಯಹಂಚಿಕೆ ಆದೇಶದ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು. ಗೆಲ್ಲುತ್ತೀರಿ ಎಂದು ನಾನು ಹೇಳಲಿಲ್ಲ. ಅದು ಹೇಳುವ ಮಾತೂ ಅಲ್ಲ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, "ನೀನು ಆಪ್ತಸಲಹೆಗಾರ್ತಿಯೋ, ಕಾರ್ಮಿಕ ಮುಖಂಡಳೋ?" ಎಂದು ನಕ್ಕರು. ಇರಲಿ. ಮಾಳಿಗೆ ಸೋರುತ್ತಿರುವಾಗ ಹಾಸಿಗೆ ಸರಿಸಿ ಮಲಗಿ ಎನ್ನುವುದನ್ನೂ ಸಲಹೆ ಎನ್ನುತ್ತಾರೆ, ನಾನೂ ವರ್ಷಗಟ್ಟಲೆ ಅದನ್ನೇ ಕೊಟ್ಟಿದ್ದೇನೆ. ಅರ್ಜಿಯಿಂದ ಕೆಲಸಕ್ಕೇ ಸಂಚಕಾರ ಬರಬಹುದು ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಆ ಅಪಾಯವನ್ನು ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಮೊದಲೇ ಹೇಳಿದ್ದೆ.

ಶಾಲಿನಿ ಈಗ ನಾಲ್ಕೈದು ಗಂಟೆ ನಿದ್ದೆ ಮಾಡುತ್ತಾರೆ. ಆದೇಶದ ಪ್ರತಿ ಬಂತು. ನಿರೀಕ್ಷಿಸಿದಂತೆ ಅದರಲ್ಲಿ ಅವರ ಹೆಸರಿಲ್ಲ. ಅದನ್ನೂ ನೋಟ್‌ಬುಕ್ಕಿಗೆ ಅಂಟಿಸಿದ್ದಾರೆ. ಪಕ್ಕದ ಮೇಜಿನ ಹುಡುಗನಿಗೆ ವಿಷಯ ತಿಳಿದು, ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾನಂತೆ. ಅದು ಅವರನ್ನು ಸಂಬಳಕ್ಕಿಂತ ಹೆಚ್ಚು ಕಾಡುತ್ತಿದೆ. ಚೌತಿ ಕಳೆದ ಮೇಲೆ ಮತ್ತೆ ಬರುತ್ತಾರೆ.